ಅಮೃತಬಳ್ಳಿ ನಿಜಕ್ಕೂ ಇಮ್ಯುನಿಟಿ ಹೆಚ್ಚಿಸುತ್ತದಾ? ಲ್ಯಾಬ್‌ನಲ್ಲಿ ಪರೀಕ್ಷಿಸುವುದು ಹೀಗೆ

ಕೊರೊನಾ ಕಾಲದಲ್ಲಿ ನಮ್ಮ ಬಳ್ಳಾರಿ, ರಾಯಚೂರು ಕಡೆಯೂ ಅಮೃತಬಳ್ಳಿ ಕಷಾಯ ಕುಡಿದವರು ಜಾಸ್ತಿ. ಅದು ಬಿಳಿ ರಕ್ತಕಣಗಳ ಮೇಲೆ ಏನು ಮಾಡುತ್ತದೆ ಅಂತ ನೋಡಲು ಪಕ್ಕಾ ವಿಧಾನವಿದೆ. ಇಲ್ಲಿ ಬಯೋಟೆಕ್ನಾಲಜಿ ಓದುವವರು ಇದನ್ನೇ ಪ್ರಾಜೆಕ್ಟ್‌ಗೆ ಎತ್ತಿಕೊಳ್ಳಲಿ ಎಂಬ ಆಸೆ ನನ್ನದು.

ಮೊದಲು ಎಥಿಕ್ಸ್ ಕಮಿಟಿಯ ಅನುಮತಿ ಮತ್ತು ರಕ್ತ ಕೊಡುವವರ ಲಿಖಿತ ಒಪ್ಪಿಗೆ ಪಡೆಯಿರಿ. ರಕ್ತವನ್ನು ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿಗೆ ತೆಗೆದು, ಅಷ್ಟೇ ಪಿಬಿಎಸ್ (ಕಣಗಳಿಗೆ ಹಾನಿ ಮಾಡದ ಉಪ್ಪಿನ ದ್ರಾವಣ) ಬೆರೆಸಿ, ಫೈಕಾಲ್ ಎಂಬ ದಟ್ಟ ದ್ರವದ ಮೇಲೆ ಮೆಲ್ಲಗೆ ಬಿಡಿ. 400 ಜಿ (ಗುರುತ್ವದ 400 ಪಟ್ಟು) ಬಲದಲ್ಲಿ 30 ನಿಮಿಷ ಸೆಂಟ್ರಿಫ್ಯೂಜ್ ತಿರುಗಿಸಿ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಿ. ನಡುವೆ ಹಾಲಿನ ಕೆನೆಯಂತೆ ತೆಳು ಬಿಳಿ ಪದರ ಕಾಣುತ್ತದೆ. ನಮಗೆ ಬೇಕಾದ ಬಿಳಿ ರಕ್ತಕಣಗಳಾದ ಲಿಂಫೋಸೈಟ್, ಮೋನೋಸೈಟ್‌ಗಳು ಅಲ್ಲಿವೆ. ಒಂದು ಎಚ್ಚರ: ಪುಸ್ತಕದ ‘ರೂಮ್ ಟೆಂಪರೇಚರ್’ ಅಂದರೆ 20 ಡಿಗ್ರಿ ಆಸುಪಾಸು, ರಾಯಚೂರಿನ ಮೇ ತಿಂಗಳ ಕೋಣೆಯಲ್ಲ. ಬಿಸಿಗೆ ಫೈಕಾಲ್‌ನ ಸಾಂದ್ರತೆ ಇಳಿದು ಪದರ ಕೆಡುತ್ತದೆ. ಎಸಿ ಬೇಕೇ ಬೇಕು.

ಕಣಗಳನ್ನು ತೊಳೆದು, ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿ ಎಣಿಸಿ. ಸತ್ತವು ನೀಲಿಯಾಗುತ್ತವೆ. 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿನಲ್ಲಿ ವೆಲ್‌ಗೆ 1ರಿಂದ 2 ಲಕ್ಷ ಕಣ ಸಾಕು. ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕಣಗಳನ್ನು ಕೆರಳಿಸಲು ಪಿಎಚ್‌ಎ ಹಾಕಿ. ಇದು ರಾಜ್ಮಾ ಕಾಳಿನಿಂದ ತೆಗೆದ ಪ್ರೋಟೀನ್! ಕೆಲವು ವೆಲ್‌ಗೆ ಪಿಎಚ್‌ಎ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಬಳ್ಳಿಯ ಸಾರ, ಕೆಲವಕ್ಕೆ ಸಾರ ಮಾತ್ರ, ಕೆಲವಕ್ಕೆ ಅದನ್ನು ಕರಗಿಸಿದ ದ್ರವ ಮಾತ್ರ, ಕೆಲವಕ್ಕೆ ಆ ದ್ರವದ ಜೊತೆ ಪಿಎಚ್‌ಎ, ಕೆಲವಕ್ಕೆ ಪಿಎಚ್‌ಎ ಜೊತೆ ಟಿ ಕಣಗಳನ್ನು ಅಡಗಿಸುವ ಔಷಧ ಸೈಕ್ಲೋಸ್ಪೋರಿನ್. 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿಡಿ. 24 ಗಂಟೆಗೆ ಮೇಲಿನ ದ್ರವ ತೆಗೆದು ಎಲೈಸಾ ಪರೀಕ್ಷೆಯಲ್ಲಿ ಐಎಲ್-2, ಟಿಎನ್‌ಎಫ್ (ಕೆರಳಿದ ಬಿಳಿ ಕಣಗಳು ಬಿಡುವ ಸಂದೇಶ ಪ್ರೋಟೀನ್‌ಗಳು) ಅಳೆಯಿರಿ. ತಡವಾದರೆ ಐಎಲ್-2 ಅನ್ನು ಕಣಗಳೇ ಬಳಸಿಕೊಳ್ಳುತ್ತವೆ.

ಇನ್ನು ಎಡವುವ ಜಾಗ. ಗಿಡದ ಸಾರದಲ್ಲಿ ಬ್ಯಾಕ್ಟೀರಿಯಾದ ಹೊರಪದರದ ವಿಷವಸ್ತು ಎಂಡೋಟಾಕ್ಸಿನ್ ಸೇರಿರುವುದು ಮಾಮೂಲು. ಅದರ ಚೂರೇ ಸಾಕು, ಮೋನೋಸೈಟ್‌ಗಳು ಟಿಎನ್‌ಎಫ್ ಸುರಿಸುತ್ತವೆ. ನಾವು ‘ಬಳ್ಳಿ ಕೆಲಸ ಮಾಡಿತು’ ಅಂತ ಬರೆದುಬಿಡುತ್ತೇವೆ, ಅಲ್ವಾ? ಹಾಗಾಗಿ ಸಾರದ ಜೊತೆ ಪಾಲಿಮಿಕ್ಸಿನ್ ಬಿ ಹಾಕಿದ ವೆಲ್ ಕೂಡ ಇರಲಿ. ಅದು ಎಂಡೋಟಾಕ್ಸಿನ್ ಹಿಡಿದಿಡುತ್ತದೆ. ಅಲ್ಲಿ ಟಿಎನ್‌ಎಫ್ ಬಿದ್ದುಹೋದರೆ ಅನುಮಾನ ಬ್ಯಾಕ್ಟೀರಿಯಾದ ಮೇಲೆ.

ಐಎಲ್-2 ಇಳಿದರೂ ಸುಮ್ನೆ ನಂಬಬೇಡಿ. ಕಣಗಳು ಸತ್ತರೂ ಅದು ಇಳಿಯುತ್ತದೆ. ಎಷ್ಟು ಬದುಕಿವೆ ಅಂತ ಎಂಟಿಟಿ ಪರೀಕ್ಷೆಯಲ್ಲಿ ನೋಡಿ. ಬದುಕಿರುವ ಕಣಗಳು ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಆದರೆ ಕೆಲವು ಸಾರಗಳು ಕಣವಿಲ್ಲದೆಯೂ ಎಂಟಿಟಿಯನ್ನು ತಾವೇ ನೇರಳೆ ಮಾಡುತ್ತವೆ. ಅದಕ್ಕೇ ಕಣವಿಲ್ಲದ, ಬರೀ ಸಾರದ ವೆಲ್ ಕೂಡ ಬೇಕು.

ಒಬ್ಬೊಬ್ಬರ ಕಣ ಒಂದೊಂದು ರೀತಿ. ಹಲವರ ರಕ್ತದಲ್ಲಿ ಮಾಡಿ, ಪ್ರತಿಯೊಬ್ಬರದನ್ನು ಅವರದೇ ಕಂಟ್ರೋಲ್ (ಸಾರ ಹಾಕದ ವೆಲ್) ಜೊತೆ ಹೋಲಿಸಿ. ಸೈಕ್ಲೋಸ್ಪೋರಿನ್ ಹಾಕಿದ ವೆಲ್‌ನಲ್ಲೂ ಐಎಲ್-2 ಇಳಿಯದಿದ್ದರೆ ಆ ಪ್ಲೇಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.