ಭತ್ತದ ಗದ್ದೆಗೆ ಪೈಪು, ಸೆನ್ಸರ್ ಕೂರಿಸಿ ಮೀಥೇನ್ ತಗ್ಗಿಸುವುದು

ಸದಾ ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಕೆಸರಿನಲ್ಲಿ ಕೊಳೆಯುವ ಕೂಳೆ, ಹಸಿರೆಲೆಯಿಂದ ಸೂಕ್ಷ್ಮಾಣುಗಳು ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಲೆಕ್ಕ ಹಿಡಿದರೆ ಇದರ ಬಿಸಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 27 ಪಟ್ಟು. ನಡುನಡುವೆ ನೀರು ಇಂಗಲು ಬಿಟ್ಟರೆ ಮೀಥೇನ್ ಮೂರನೇ ಒಂದರಿಂದ ಅರ್ಧದಷ್ಟು ಕಡಿಮೆಯಾಗುತ್ತದೆ. ಎಷ್ಟು ಇಂಗಿದೆ ಎಂದು ಬದುವಿನ ಮೇಲೆ ನಿಂತು ಹೇಳಲಾಗದು, ಅದಕ್ಕೇ ಈ ಪೈಪು.

4 ಇಂಚಿನ ಪಿವಿಸಿ ಪೈಪಿನ ಕೆಳಗಿನ 15 ಸೆಂ.ಮೀ. ಭಾಗಕ್ಕೆ ಸುತ್ತಲೂ 2 ಸೆಂ.ಮೀ.ಗೊಂದರಂತೆ 5 ಮಿ.ಮೀ. ತೂತು ಕೊರೆಯಿರಿ. ತೂತಿರುವಷ್ಟನ್ನು ಮಣ್ಣಿಗಿಳಿಸಿ, ಒಳಗಿನ ಕೆಸರು ತಳದವರೆಗೆ ಬಳಿದು ತೆಗೆಯಿರಿ. ಜಾಗ ಬದುವಿಗೆ ಹತ್ತಿರವಿರಲಿ, ದಿಬ್ಬವೂ ಬೇಡ, ತಗ್ಗೂ ಬೇಡ. ಗದ್ದೆಯಲ್ಲಿ ನೀರು ನಿಂತಾಗ ಪೈಪಿನ ಒಳಗೂ ಹೊರಗೂ ಮಟ್ಟ ಒಂದೇ ಇಲ್ಲದಿದ್ದರೆ ತೂತು ಕಟ್ಟಿದೆ ಎಂದರ್ಥ.

ಕೋಲಿಟ್ಟು ಅಳೆಯುವವರಿಗೆ ಒಂದಡಿ ಪೈಪು ಸಾಕು. ಪೈಪಿನ ಮೇಲ್ತುದಿಯಿಂದ ಶಬ್ದದ ಅಲೆ ಬಿಟ್ಟು ನೀರಿನ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸುವುದಾದರೆ ಎರಡಡಿ ಬೇಕು: ನೀರು ನಿರೋಧಕ ಅಗ್ಗದ ಸೆನ್ಸರ್‌ಗಳು 20–25 ಸೆಂ.ಮೀ. ಒಳಗಿನದನ್ನು ಅಳೆಯಲಾರವು. ಪೈಪಿನೊಳಗೆ ಜೇಡ ಬಲೆ ಕಟ್ಟಿದರೂ ನೀರು ಮೇಲಿದೆ ಎಂದೇ ಮೊಬೈಲಿಗೆ ಸಂದೇಶ ಬರುತ್ತದೆ, ಪೈರು ಒಣಗುತ್ತಿರುತ್ತದೆ. ವಾರಕ್ಕೊಮ್ಮೆ ಕೋಲಿಟ್ಟು ತಾಳೆ ನೋಡಿ.

ನಾಟಿಯಾದ ಮೊದಲ ಎರಡು ವಾರ ನೀರು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಆಮೇಲೆ ಪೈಪಿನೊಳಗೆ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ 5 ಸೆಂ.ಮೀ. ನಿಲ್ಲುವಷ್ಟು ಕಟ್ಟಿ. ಹೂ ಬಿಡುವ ಹೊತ್ತಿಗೆ, ಹಿಂದೊಂದು ವಾರ ಮುಂದೊಂದು ವಾರ, ಒಣಗಿಸಬೇಡಿ, ಕಾಳು ಜೊಳ್ಳಾಗುತ್ತದೆ. ಬಿರುಕು ಬೇಗ ಬಿಟ್ಟರೆ ಬದುವಿನಲ್ಲಿ ಏಡಿ ಬಿಲ ಹುಡುಕಿ.

ಪಂಪ್‌ಸೆಟ್ ಇದ್ದವರಿಗೆ ಸೆನ್ಸರ್ ಜೊತೆ ಮೊಬೈಲ್ ಸ್ಟಾರ್ಟರ್ ಒಳ್ಳೆಯ ಜೋಡಿ. ಆದರೆ ಆಟೋ ಸ್ವಿಚ್ ತೆಗೆಸಿ. ಅದಿದ್ದರೆ ತ್ರೀಫೇಸ್ ಬಂದಾಗೆಲ್ಲ ಮೋಟಾರು ಓಡಿ ಗದ್ದೆ ಮತ್ತೆ ತುಂಬುತ್ತದೆ, ವಿದ್ಯುತ್ತೂ ದಂಡ. ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ, ಅದರಲ್ಲೂ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ, ಸೆನ್ಸರ್‌ಗೆ ದುಡ್ಡು ಸುರಿಯುವುದು ವ್ಯರ್ಥ ಎನ್ನಬೇಕು. ನೀರಿನ ಹೊತ್ತು ನಿಮ್ಮ ಕೈಯಲ್ಲಿಲ್ಲ. ಅಲ್ಲಿ ಮೊದಲ ಕೆಲಸ, ಮೇಲಿನ ಗದ್ದೆಯ ನೀರು ನಿಮ್ಮ ಗದ್ದೆ ಹಾಯದಂತೆ ಬದಿಯಲ್ಲೊಂದು ಕಾಲುವೆ ತೆಗೆಯುವುದು.

ಇನ್ನು ಯೂರಿಯಾ. ಒಣಗಿಸಿ ನೆನೆಸುವ ಗದ್ದೆಯಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚಬಹುದು, ಅದು ಮೀಥೇನ್‌ಗಿಂತಲೂ ಎಷ್ಟೋ ಪಟ್ಟು ಕೆಟ್ಟದ್ದು. ಮೇಲುಗೊಬ್ಬರವನ್ನು ನೀರು ಕಟ್ಟುವ ಮುನ್ನವೇ ಎರಚಿ, ಕೂಡಲೇ ನೀರು ಹಾಯಿಸಿ. ಎರಚಬೇಕೋ ಬೇಡವೋ ಎಂಬುದಕ್ಕೆ ತಿಳಿಯಿಂದ ದಟ್ಟದವರೆಗೆ ಹಸಿರು ಬಣ್ಣಗಳಿರುವ ಎಲೆ ಬಣ್ಣದ ಪಟ್ಟಿ ನೋಡಿ: ಬೆಳಿಗ್ಗೆ 8ರಿಂದ 10ರೊಳಗೆ, ನಿಮ್ಮ ನೆರಳಿನಲ್ಲೇ, ಹತ್ತು ಪೈರಿನ ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ಹೊಂದಿಸಿ. ಆರು ಅಥವಾ ಹೆಚ್ಚು ಎಲೆಗಳು 4ನೇ ಬಣ್ಣಕ್ಕಿಂತ ತಿಳಿಯಾಗಿದ್ದರೆ ಎಕರೆಗೆ 45 ಕೆ.ಜಿ. ಚೀಲದಲ್ಲಿ ಅರ್ಧ. ತಳಿಗೆ ತಕ್ಕಂತೆ ಈ 4 ಬದಲಾಗುತ್ತದೆ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿಕೊಳ್ಳಿ. ಮೊಬೈಲ್ ಫೋಟೊದ ಬಣ್ಣ ಬಿಸಿಲಿಗೆ ಬದಲಾಗುವುದರಿಂದ ಪಟ್ಟಿಯನ್ನೇ ನಂಬಿ, ಮೊಬೈಲಿನಲ್ಲಿ ಗೊಬ್ಬರ ಹಾಕಿದ ತಾರೀಖು, ಪ್ರಮಾಣ ಬರೆದಿಟ್ಟರೆ ಸಾಕು.