ತಿಳಿಸಿತೇ, ಕಲಿಸಿತೇ, ಕಣ್ಣು ತೆರೆಸಿತೇ? ತಕ್ಕ ವಿಶೇಷಣವನ್ನು ಆರಿಸುವ ಬಗೆ

ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಮೈಸೂರಿನ ಶಾಲೆಗಳಲ್ಲಿ ಪ್ರವಾಸಗಳು ಮುಗಿದು, ಮಕ್ಕಳು ಬರೆದ ವರದಿಗಳು ಅಧ್ಯಾಪಕರ ಮೇಜಿನ ಮೇಲೆ ರಾಶಿ ಬೀಳುತ್ತವೆ. ಅಂಥ ವರದಿಗಳನ್ನು ಹಲವು ವರ್ಷ ತಿದ್ದಿದ ನನಗೆ ಒಂದು ವಾಕ್ಯ ಬಾಯಿಪಾಠವಾಗಿದೆ: ‘ಈ ಸ್ಥಳವು ತುಂಬಾ ಮಾಹಿತಿಪೂರ್ಣವಾಗಿತ್ತು.’ ರೈಲ್ವೆ ವಸ್ತುಸಂಗ್ರಹಾಲಯಕ್ಕೂ ಅದೇ ಮಾತು, ಕಾರಂಜಿ ಕೆರೆಗೂ ಅದೇ, ಮೃಗಾಲಯಕ್ಕೂ ಅದೇ. ದೊಡ್ಡವರು ಬರೆಯುವ ಉಪನ್ಯಾಸದ ವರದಿಗಳಲ್ಲೂ ಸಂದರ್ಶಕರ ಪುಸ್ತಕದ ಅಭಿಪ್ರಾಯಗಳಲ್ಲೂ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ತಿಳಿವು ಕೊಡುವ ಸಂಗತಿಗಳನ್ನು ಬಣ್ಣಿಸಲು ಕನ್ನಡದಲ್ಲಿ ಹತ್ತಾರು ಪದಗಳಿರುವಾಗ, ತಕ್ಕದ್ದನ್ನು ಆರಿಸಿಕೊಳ್ಳುವುದು ಹೇಗೆಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹಂತದಲ್ಲಿ ವಿಶೇಷಣವನ್ನು ಹುಡುಕದೆ ಕ್ರಿಯಾಪದವನ್ನು ಹುಡುಕಬೇಕು. ನೋಡಿದ್ದು ಅಥವಾ ಕೇಳಿದ್ದು ನಮಗೆ ಏನು ಮಾಡಿತು? ಬರಿದೇ ತಿಳಿಸಿತೇ, ಕಲಿಸಿತೇ, ಬುದ್ಧಿ ಹೇಳಿತೇ, ಇಲ್ಲವೇ ಅಲ್ಲಿಯವರೆಗೆ ನಂಬಿದ್ದನ್ನೇ ಬದಲಿಸಿತೇ? 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಗಾಡಿಯ, ಎಂದರೆ ಅವರ ಪ್ರಯಾಣಕ್ಕೆಂದೇ ಇದ್ದ ರೈಲುಗಾಡಿಯ ಬಗ್ಗೆ ವಿವರ ಓದಿಕೊಂಡು ಬಂದವರಿಗೆ ಆದದ್ದು ತಿಳಿಯುವ ಕೆಲಸ. ಅಲ್ಲಿ ‘ಮಾಹಿತಿಪೂರ್ಣ’ ಎಂಬ ಪದ ಸರಿಯಾಗಿಯೇ ಕೂರುತ್ತದೆ.

ಮಂಡ್ಯದ ವಿ.ಸಿ. ಫಾರ್ಮಿನಂಥ ಕೃಷಿ ಸಂಶೋಧನಾ ಕೇಂದ್ರದಲ್ಲಿ ‘ಶ್ರೀ’ ಪದ್ಧತಿಯ, ಎಂದರೆ ಎಳೆಯ ಪೈರನ್ನು ಒಂದೊಂದಾಗಿ ದೂರ ದೂರ ನೆಡುವ ಪದ್ಧತಿಯ, ಭತ್ತದ ನಾಟಿಯ ಪ್ರಾತ್ಯಕ್ಷಿಕೆಯನ್ನು ನೋಡಿ ಬಂದ ರೈತರ ಅನುಭವ ಬೇರೆ. ಎಂಟರಿಂದ ಹದಿನಾಲ್ಕು ದಿನದ ಎಳೆಯ ಪೈರನ್ನು ಬೇರಿಗೆ ಪೆಟ್ಟಾಗದಂತೆ ಮಣ್ಣಿನ ಸಮೇತ ಎತ್ತಿ, ಗುರುತು ಹಾಕಿದ ಹಗ್ಗವನ್ನು ಗದ್ದೆಗೆ ಅಡ್ಡಲಾಗಿ ಎಳೆದು, 25 ಸೆಂಟಿಮೀಟರಿಗೆ ಒಂದರಂತೆ ಒಂಟಿ ಪೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಊರುವುದನ್ನು ಕಂಡವರು, ಮರುದಿನ ತಮ್ಮ ಗದ್ದೆಯಲ್ಲಿ ಹಾಗೆಯೇ ಮಾಡಬಲ್ಲರು. ಇಲ್ಲಿ ಕೈಗೆ ಕೆಲಸ ಬಂದಿದೆ. ಇದನ್ನು ‘ಮಾಹಿತಿಪೂರ್ಣ’ ಎಂದರೆ ಆ ಕಾರ್ಯಕ್ರಮಕ್ಕೆ ಕಡಿಮೆ ಬೆಲೆ ಕಟ್ಟಿದಂತಾಗುತ್ತದೆ; ‘ಬೋಧಪ್ರದ’ ಎನ್ನಬಹುದು, ‘ಕೈಹಿಡಿದು ಕಲಿಸುವಂತಿತ್ತು’ ಎಂದರೆ ಇನ್ನೂ ಚೆನ್ನು.

ನಂಬಿದ್ದನ್ನೇ ಬದಲಿಸುವ ಬಗೆಗೆ ಉದಾಹರಣೆಯಾಗಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೆನೆಯಬಹುದು. ಕಳೆದುಹೋಯಿತೆಂದೇ ವಿದ್ವಾಂಸರು ಬಗೆದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಇಲ್ಲಿ ಗುರುತಿಸಿದ ಆರ್. ಶಾಮಾಶಾಸ್ತ್ರಿಗಳು, 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಇದ್ದ ಕಲ್ಪನೆಗಳನ್ನೇ ತಿರುಗಿ ನೋಡುವಂತೆ ಮಾಡಿದ ಈ ಶೋಧಕ್ಕೆ ‘ಕಣ್ಣು ತೆರೆಸಿದ’ ಎಂಬ ಮಾತು ಸಲ್ಲುತ್ತದೆ. ಅಂಥ ಬದಲಾವಣೆ ಆಗಿರದಿದ್ದರೆ ಈ ಮಾತನ್ನು ಬಳಸಬಾರದು. ಬುದ್ಧಿಮಾತು ಹೇಳುವ ಕಥೆಗೆ ‘ನೀತಿಬೋಧಕ’ ಸಾಕು. ಕಥೆಗಿಂತ ಬುದ್ಧಿಮಾತೇ ಹೆಚ್ಚಾಗಿದ್ದರೆ ‘ಉಪದೇಶಾತ್ಮಕ’.

ಎರಡನೆಯ ಹಂತದಲ್ಲಿ ಪದದ ಬಾಲವನ್ನು ಗಮನಿಸಬೇಕು. ‘ಪ್ರದ’ ಎಂದರೆ ಕೊಡುವಂಥದ್ದು, ‘ಪೂರ್ಣ’ ಎಂದರೆ ತುಂಬಿರುವಂಥದ್ದು. ಒಂದು ಪುಸ್ತಕದಲ್ಲಿ ಮಾಹಿತಿ ತುಂಬಿದ್ದರೂ ಅದು ಓದುಗರಿಗೆ ದಕ್ಕದಿರಬಹುದು; ಆಗ ಅದು ಮಾಹಿತಿಪೂರ್ಣವೇ ಹೊರತು ಜ್ಞಾನಪ್ರದವಲ್ಲ. ‘ತುಂಬಾ ಮಾಹಿತಿಪೂರ್ಣ’ ಎಂಬಲ್ಲಿ ತುಂಬುವ ಅರ್ಥವೇ ಎರಡು ಸಲ ಬಂದಿರುವುದರಿಂದ ‘ತುಂಬಾ’ ಎಂಬುದನ್ನು ಧಾರಾಳವಾಗಿ ಹೊಡೆದುಹಾಕಬಹುದು.

ಮೂರನೆಯದಾಗಿ, ಹತ್ತಿರದವೆಂದು ತೋರಿ ದಾರಿ ತಪ್ಪಿಸುವ ಪದಗಳನ್ನು ಬದಿಗಿಡಬೇಕು. ಇವುಗಳಲ್ಲಿ ಮುಖ್ಯವಾದದ್ದು ‘ಶೈಕ್ಷಣಿಕ’. ಶಿಕ್ಷಣಕ್ಕೆ ಸಂಬಂಧಿಸಿದ್ದು ಎಂದಷ್ಟೇ ಇದರ ಅರ್ಥ. ಶೈಕ್ಷಣಿಕ ವರ್ಷ, ಶೈಕ್ಷಣಿಕ ಜಿಲ್ಲೆ ಎನ್ನುವಾಗ ಆ ವರ್ಷವಾಗಲಿ ಜಿಲ್ಲೆಯಾಗಲಿ ಯಾರಿಗೂ ಪಾಠ ಹೇಳುವುದಿಲ್ಲ. ಆದ್ದರಿಂದ ‘ಉಪನ್ಯಾಸ ಶೈಕ್ಷಣಿಕವಾಗಿತ್ತು’ ಎಂದರೆ ಅದರಿಂದ ಏನಾದರೂ ಕಲಿತೆವು ಎಂದಾಗುವುದಿಲ್ಲ. ಹಾಗೆಯೇ ‘ಬೋಧಕ’ ಎಂಬುದು ‘ಬೋಧಕ ಸಿಬ್ಬಂದಿ’ ಎಂಬ ಬಳಕೆಯಿಂದ ಅಧ್ಯಾಪಕರಿಗೇ ಅಂಟಿಕೊಂಡಿದೆ. ‘ಮನೋಜ್ಞ’ ಎಂದರೆ ಮನಸ್ಸಿಗೆ ಹಿತವಾದದ್ದು. ಅದರಲ್ಲಿ ಕಲಿಕೆಯ ಸುಳಿವಿಲ್ಲ.

ನಾಲ್ಕನೆಯ ಹಂತ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸಂಸ್ಕೃತದ ಪದ ಸಿಕ್ಕ ಮೇಲೂ ಒಮ್ಮೆ ಅಚ್ಚಗನ್ನಡದ ಮಾತನ್ನು ಇಟ್ಟು ನೋಡಬೇಕು: ಅರಿವು ಮೂಡಿಸುವ, ಮನದಟ್ಟು ಮಾಡಿಸುವ, ಬಗೆ (ಎಂದರೆ ಮನಸ್ಸು) ತೆರೆಯುವ. ‘ತಿಳಿ’ ಎಂಬ ಒಂದೇ ಧಾತುವನ್ನು ತೆಗೆದುಕೊಂಡರೂ ಎಷ್ಟು ಸೊಗಸಿದೆ! ತಿಳಿನೀರು, ತಿಳಿಸಾರು ಎನ್ನುವಾಗ ಬೇಳೆಯೋ ಮಡ್ಡಿಯೋ ಕೆಳಗಿಳಿದು ಮೇಲಿನದು ನಿಚ್ಚಳವಾಗಿ ನಿಂತಿರುತ್ತದೆ. ತಿಳಿವಳಿಕೆಯೂ ಅದೇ ಬಗೆಯದು. ಕಲಕಿಹೋಗಿದ್ದ ವಿಷಯವೊಂದನ್ನು ಭಾಷಣಕಾರರು ಬಿಡಿಸಿ ಹೇಳಿದ್ದರೆ, ‘ವಿಷಯವನ್ನು ತಿಳಿಗೊಳಿಸಿದರು’ ಎಂದು ಬರೆದು ನೋಡಿ.

ಕೊನೆಗೆ, ಆರಿಸಿದ ವಿಶೇಷಣದ ಮುಂದೆ ‘ಏನನ್ನು?’ ಎಂದು ಕೇಳಿ, ಉತ್ತರವನ್ನು ಅದೇ ವಾಕ್ಯದಲ್ಲಿ ಸೇರಿಸಬೇಕು. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಈ ಪ್ರಶ್ನೆಯನ್ನು ಹಾಕಿ ವರದಿಯನ್ನು ಹಿಂದಿರುಗಿಸಿದ್ದೆ. ಅವಳು ‘ತುಂಬಾ ಮಾಹಿತಿಪೂರ್ಣವಾಗಿತ್ತು’ ಎಂಬುದನ್ನು ಪೂರ್ತಿ ಹೊಡೆದು, ಪಕ್ಕದ ಜಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದು ತಂದಳು: ‘ಮಹಾರಾಣಿಯವರ ರೈಲುಗಾಡಿಯಲ್ಲಿ ಅಡುಗೆಮನೆಯೂ ಇತ್ತು ಎಂದು ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯಿತು.’