ಹನ್ನೆರಡು ರೊಟ್ಟಿ, ಹನ್ನೆರಡು ಪ್ರಶ್ನೆ

ಮೊದಲ ಸಲ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದಾಗ ನನಗೆ 150ಕ್ಕೆ 81 ಅಂಕ ಬಂದವು. ತೇರ್ಗಡೆಯಾಗಲು 90 ಬೇಕಿತ್ತು. ಓದಿರಲಿಲ್ಲ ಎಂದರೆ ಸುಳ್ಳಾದೀತು. ಆರು ತಿಂಗಳು ರಾತ್ರಿ ಒಂದು ಗಂಟೆಯವರೆಗೆ ಕುಳಿತಿದ್ದೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಗೆರೆ ಎಳೆಯದ ಸಾಲು ಉಳಿದಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆ ನೋಡಿದೊಡನೆ ಆ ಪುಟ ಕಣ್ಣ ಮುಂದೆ ಬರುತ್ತಿತ್ತು, ಗೆರೆಯ ಬಣ್ಣವೂ ಕಾಣುತ್ತಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ.

ಅದೇ ಪರೀಕ್ಷೆಗೆ 30 ಅಂಕದ ಶಿಶು ಮನೋವಿಜ್ಞಾನವಿದೆ. ಅದರಲ್ಲಿ ಎಬ್ಬಿಂಗ್‌ಹೌಸ್ ಬರುತ್ತಾರೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಅಳೆದು, 1885ರಲ್ಲಿ ಪ್ರಕಟಿಸಿದ ಜರ್ಮನ್ ವಿದ್ವಾಂಸರು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತದೆ, ಆಮೇಲೆ ಜಾರುವ ವೇಗ ತಗ್ಗುತ್ತದೆ ಎಂಬುದು ಅವರು ಕಂಡುಕೊಂಡದ್ದು. ಆ ಹೆಸರನ್ನೂ ಇಸವಿಯನ್ನೂ ನಾನು ಉರುಹೊಡೆದಿದ್ದೆ. ಅವರು ಹೇಳಿದ್ದು ನನ್ನ ಓದಿಗೂ ಅನ್ವಯಿಸುತ್ತದೆ ಎಂದು ಹೊಳೆದದ್ದು ಅನುತ್ತೀರ್ಣಳಾದ ಮೇಲೆ. ನಾನು ಓದಿದ್ದನ್ನೇ ಮತ್ತೆ ಓದುತ್ತಿದ್ದೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಕೆಲಸವನ್ನು ಒಂದು ದಿನವೂ ಮಾಡಿರಲಿಲ್ಲ.

ಎರಡನೆಯ ಸಲ ಆ ಕೆಲಸವನ್ನು ರೊಟ್ಟಿಗೆ ಕಟ್ಟಿದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಹನ್ನೆರಡು ಜೋಳದ ರೊಟ್ಟಿ ಆಗಬೇಕು. ಹಿಂದಿನ ದಿನ ಓದಿದ್ದರಿಂದ ಹನ್ನೆರಡು ಪ್ರಶ್ನೆ ಆರಿಸಿ, ಕ್ಯಾಲೆಂಡರಿನಿಂದ ಹರಿದ ಹಾಳೆಗಳ ಹಿಂಬದಿಗೆ ಬರೆದು, ಕೆಳಗೆ ಉತ್ತರ ಬರೆದು ಮಡಚಿಡುತ್ತಿದ್ದೆ. ಉಂಡೆ ಹಿಡಿದು ಬಡಿಯಲು ಶುರು ಮಾಡಿದಾಗ ಒಂದು ಪ್ರಶ್ನೆ. ರೊಟ್ಟಿ ಹಂಚಿಗೆ ಬಿದ್ದು, ಮೇಲೆ ನೀರು ಸವರಿ, ಮಗುಚುವಷ್ಟರಲ್ಲಿ ಉತ್ತರವನ್ನು ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ಆ ಚೀಟಿ ಮರುದಿನವೂ ಬರುತ್ತದೆ. ಸರಿಯಾದರೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು.

ಮೊದಲ ದಿನ ಅತ್ತೆ ಒಳಗೆ ಬಂದು, “ಯವ್ವಾ, ಯಾರ ಜೊತೆ ಮಾತನಾಡುತ್ತಿದ್ದೀಯ?” ಎಂದರು. ವಿಷಯ ತಿಳಿದ ಮೇಲೆ ಕನ್ನಡಕ ಹಾಕಿಕೊಂಡು ಒಲೆಯ ಪಕ್ಕ ಮಣೆ ಎಳೆದುಕೊಂಡರು. ನಾಲ್ಕನೆಯ ಇಯತ್ತೆವರೆಗೆ ಓದಿದವರು. ನನ್ನ ಕೈಗೆ ಹಿಟ್ಟು ಮೆತ್ತಿರುತ್ತಿದ್ದುದರಿಂದ ಚೀಟಿ ಬಿಚ್ಚಿ, ಅಕ್ಷರ ಕೂಡಿಸಿಕೊಂಡು ಓದುವುದು ಅವರ ಪಾಲಿಗೆ ಬಂತು. ಉತ್ತರದಲ್ಲಿ ಒಂದು ಪದ ಬಿಟ್ಟರೂ ಒಪ್ಪುತ್ತಿರಲಿಲ್ಲ.

ಜಾಗವನ್ನೂ ಬದಲಿಸಿದೆ. ಮೊದಲು ಪಡಸಾಲೆಯಲ್ಲಿ, ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಕಣ್ಣು ಪುಸ್ತಕದಲ್ಲಿದ್ದರೂ ಕಿವಿ ಧಾರಾವಾಹಿಯಲ್ಲೇ. ಈಗ ಜೋಳದ ಚೀಲ ಇಡುವ ಸಣ್ಣ ಕೋಣೆಯೇ ನನ್ನ ಓದುವ ಕೋಣೆ. ಮೊಬೈಲ್ ಪಡಸಾಲೆಯ ಗೂಡಿನಲ್ಲೇ ಉಳಿಯುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟಿದ ಮೇಲೆ ತಗಡಿನ ಕೆಳಗೆ ಯಾರಿಗೂ ಓದಲಾಗದು. ಹಾಗಾಗಿ ರಾತ್ರಿ ಹತ್ತಕ್ಕೆ ಮಲಗಿ ನಸುಕಿನ ನಾಲ್ಕೂವರೆಗೆ ಏಳತೊಡಗಿದೆ. ನಿದ್ದೆಯಲ್ಲಿ ಮಿದುಳು ಹಗಲಿನ ಕಲಿಕೆಯನ್ನು ಗಟ್ಟಿಗೊಳಿಸುತ್ತದೆ. ಒಂದರವರೆಗೆ ಎದ್ದಿರುತ್ತಿದ್ದಾಗ ಅದಕ್ಕೇ ನಾನು ಕತ್ತರಿ ಹಾಕಿಕೊಂಡಿದ್ದೆ.

ಇತಿಹಾಸಕ್ಕೆ ಊರೇ ನೆರವಾಯಿತು. ವಿಜಯಪುರವನ್ನು ಆಳಿದ ಆದಿಲ್‌ಶಾಹಿ ಸುಲ್ತಾನರಲ್ಲಿ ಇಬ್ಬರು ಅಲಿ, ಇಬ್ಬರು ಇಬ್ರಾಹಿಂ. ಹೆಸರುಗಳು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಒಬ್ಬೊಬ್ಬರನ್ನೂ ಅವರವರ ಕಟ್ಟಡದ ಮುಂದೆ ನಿಲ್ಲಿಸಿದೆ. ಗಗನ ಮಹಲಿನ ದೊಡ್ಡ ಕಮಾನಿನ ಕೆಳಗೆ ಮೊದಲನೆಯ ಅಲಿ, ಕೈಯಲ್ಲಿ 1565ರ ತಾಳಿಕೋಟೆ ಯುದ್ಧದ ಕತ್ತಿ. ಇಬ್ರಾಹಿಂ ರೋಜಾದಲ್ಲಿ ಎರಡನೆಯ ಇಬ್ರಾಹಿಂ. ಗೋಲಗುಮ್ಮಟದಲ್ಲಿ ಮುಹಮ್ಮದ್, 1656ರಲ್ಲಿ ತೀರಿಕೊಂಡವನು. ಬಾರಾ ಕಮಾನಿನ ಮುಗಿಯದ ಕಮಾನುಗಳ ನಡುವೆ ಎರಡನೆಯ ಅಲಿ. ಕೊನೆಯ ಸಿಕಂದರನಿಗೆ ಕಟ್ಟಡ ಸಿಗಲಿಲ್ಲ. 1686ರಲ್ಲಿ ಔರಂಗಜೇಬನಿಗೆ ಊರು ಒಪ್ಪಿಸಿದವನೆಂದು ಕೋಟೆಯ ಗೋಡೆಗೆ ಒರಗಿಸಿದೆ. ಸಂತೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗುಮ್ಮಟ ಕಂಡರೆ ಈಗಲೂ ಇಸವಿ ತಾನಾಗಿ ನಾಲಿಗೆಗೆ ಬರುತ್ತದೆ.

ಎಲ್ಲಕ್ಕೂ ಇದು ಒಗ್ಗಲಿಲ್ಲ. ಇಂಗ್ಲಿಷ್ ವ್ಯಾಕರಣ ಚೀಟಿಗೆ ಬಗ್ಗಲಿಲ್ಲ, ಅದಕ್ಕೆ ದಿನವೂ ಬರೆದೇ ರೂಢಿಯಾಗಬೇಕು. ವಯಸ್ಸಿನೊಂದಿಗೆ ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಹೇಳುವ, ಮನೋವಿಜ್ಞಾನಿ ಪಿಯಾಜೆಯ ಹಂತಗಳ ಚೀಟಿ ಒಂಬತ್ತು ಸಲ ಮರಳಿ ಬಂತು. ಕೊನೆಗೆ ಐದು ವರ್ಷದ ಮಗನನ್ನು ಕೂರಿಸಿ, ಅಗಲ ಬಟ್ಟಲಿನ ನೀರನ್ನು ಅವನೆದುರಿಗೇ ಎತ್ತರದ ಲೋಟಕ್ಕೆ ಸುರಿದು, “ಈಗ ನೀರು ಹೆಚ್ಚಾಯಿತೋ, ಅಷ್ಟೇ ಇದೆಯೋ?” ಎಂದು ಕೇಳಿದೆ. “ಹೆಚ್ಚಾಯಿತು” ಎಂದ. ಒಂಬತ್ತರ ಅಕ್ಕ, “ಅಷ್ಟೇ ಇದೆ, ಈಗ ತಾನೇ ಸುರಿದಳಲ್ಲ” ಎಂದು ಅವನ ತಲೆಗೆ ಮೊಟಕಿದಳು. ಎರಡರಿಂದ ಏಳರವರೆಗಿನ ಹಂತವೂ ಏಳರಿಂದ ಹನ್ನೊಂದರವರೆಗಿನ ಹಂತವೂ ಒಂದೇ ಚಾಪೆಯ ಮೇಲೆ ಕುಳಿತಿದ್ದವು. ಆ ಚೀಟಿಯನ್ನು ಅತ್ತೆ ಮತ್ತೆ ಬಿಚ್ಚಬೇಕಾಗಲಿಲ್ಲ.

ಎರಡನೆಯ ಸಲ 109 ಅಂಕ ಬಂದವು. ಈಗ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೇನೆ. ಮಣೆ ಒಲೆಯ ಪಕ್ಕದಲ್ಲೇ ಇದೆ.